ಮೊದಲ ಹೆಡ್‌ಸೆಟ್ ಕೊಳ್ಳುವ ಮುನ್ನ: ತೆಂಗುಸೀಮೆಯ ಮನೆಗಳಿಗೊಂದು ಬಹಿರಂಗ ಪತ್ರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಹೊರಟಿರುವ ಅಪ್ಪ-ಅಮ್ಮಂದಿರಿಗೆ, ಬ್ಯಾಗು ಕಟ್ಟುತ್ತಿರುವ ಆ ಮಕ್ಕಳಿಗೆ,



ಕೊಬ್ಬರಿಗೆ ಬೆಲೆ ಬಂದ ವರ್ಷ ಊರಲ್ಲಿ ಹೊಸ ಮಾತು ಹುಟ್ಟುತ್ತದೆ. 2023ರಲ್ಲಿ ತಿಪಟೂರು ಎಪಿಎಂಸಿಯಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿ ಎಂಟೊಂಬತ್ತು ಸಾವಿರಕ್ಕೆ ಇಳಿದು ರೈತರು ಬೀದಿಗೆ ಬಂದಿದ್ದರು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಅಂಥ ಹೊತ್ತಿನಲ್ಲಿ, ಪಿಯುಸಿಯಲ್ಲಿ ಫಿಸಿಕ್ಸು-ಮ್ಯಾಥ್ಸು ಓದಿದ ಹುಡುಗ ಊಟಕ್ಕೆ ಕೂತಾಗ ಪೈಲಟ್ ಕೋರ್ಸಿನ ಮಾತೆತ್ತಿದರೆ ಅಪ್ಪ ತಟ್ಟನೆ ಬೈಯುವುದಿಲ್ಲ. ಕೈ ತೊಳೆದು ಬಂದು ಲೆಕ್ಕ ಹಾಕುತ್ತಾರೆ. ನಲವತ್ತು-ಐವತ್ತು ಲಕ್ಷದ ಆ ಲೆಕ್ಕದಲ್ಲಿ ಫೀಸು, ಹಾಸ್ಟೆಲು, ಪರೀಕ್ಷೆ, ಮೆಡಿಕಲ್ ಎಲ್ಲ ಇರುತ್ತದೆ. ಹೆಡ್‌ಸೆಟ್ ಮಾತ್ರ ಇರುವುದಿಲ್ಲ.

ಅದರ ಮಾತು ಬರುವುದು ಅಡ್ಮಿಷನ್ ಮುಗಿದ ಮೇಲೆ. ಸೀನಿಯರ್ ಒಬ್ಬ ಫೋನಿನಲ್ಲಿ, "ಬೋಸ್ ಹೆಡ್‌ಸೆಟ್ಟೇ ತಗೊಂಬಿಡು, ಆಮೇಲೆ ಪೇಚಾಡಬೇಡ" ಅನ್ನುತ್ತಾನೆ. ಇನ್ನೊಬ್ಬ, "ಸ್ಕೂಲಲ್ಲೇ ಕೊಡ್ತಾರೆ, ದುಡ್ಡು ದಂಡ" ಅನ್ನುತ್ತಾನೆ. ಒಬ್ಬ ಹೇಳುವುದು ಲಕ್ಷ ದಾಟುವ ಸಾಮಾನು, ಇನ್ನೊಬ್ಬನದು ಬಿಟ್ಟಿ ಸಾಮಾನು. ಮನೆಯವರಿಗೋ ಇದು ಹಾಡು ಕೇಳುವ ಸೋಕಿಯೇ, ಕಲಿಕೆಗೆ ಬೇಕಾದ್ದೇ ಎಂಬುದೇ ಗೊತ್ತಾಗುವುದಿಲ್ಲ. ಈ ಪತ್ರ ಅದಕ್ಕಾಗಿ.

ವಿಮಾನ ಈ ಸೀಮೆಗೆ ತೀರಾ ಪರಕೀಯವೇನಲ್ಲ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅರಸೀಕೆರೆ ದಾಟಿದರೆ ಜಾವಗಲ್ ಕಡೆ, ಗೊರೂರಿನ ಜಿ.ಆರ್. ಗೋಪಿನಾಥ್ ಬೇಸಾಯ ಮಾಡುತ್ತಿದ್ದರು. 1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದವರು ಅವರೇ. (ಅವರ ಹೆಸರಿನ ಹಿಂದಿರುವ ಕ್ಯಾಪ್ಟನ್ ಪದವಿ ಸೈನ್ಯದ್ದು, ವಿಮಾನದ್ದಲ್ಲ. ಊರಲ್ಲಿ ಹಲವರು ಅದನ್ನು ತಪ್ಪು ತಿಳಿದಿದ್ದಾರೆ.) ಹಾರಾಟ ಕಲಿಯಲು ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಶಾಲೆಯಿದೆ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇವೆ.

ಮೊದಲು ಕೊಳ್ಳಬೇಕಾದ್ದು ಹೆಡ್‌ಸೆಟ್ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಬೇಕು. ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಈ ಪರೀಕ್ಷೆ ಮಾಡುವ ಜಾಗಗಳಲ್ಲೊಂದು. ಅಲ್ಲಿ ಕಿವಿಯನ್ನೂ ನೋಡುತ್ತಾರೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ, ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 500, 1000, 2000 ಹರ್ಟ್ಸ್‌ನಲ್ಲಿ 35 ಡೆಸಿಬೆಲ್‌ಗಿಂತ, 3000 ಹರ್ಟ್ಸ್‌ನಲ್ಲಿ 50 ಡೆಸಿಬೆಲ್‌ಗಿಂತ ಹೆಚ್ಚು ನಷ್ಟ ಇರಕೂಡದು. ಮೆಡಿಕಲ್ ಕೈಗೆ ಬರುವ ಮುಂಚೆಯೇ ಹೆಡ್‌ಸೆಟ್ ಕೊಂಡ ಮನೆಗಳಿವೆ. ಅವಸರಕ್ಕೆ ಅರ್ಥವಿಲ್ಲ.

ಕಿವಿ ಹಾಳಾಗುವುದು ವಿಮಾನ ಹತ್ತಿದ ಮೇಲೆ ಮಾತ್ರ ಅಂದುಕೊಳ್ಳುವುದೂ ತಪ್ಪು. ಇಡೀ ದಿನ ಕಾಯಿ ಸುಲಿಯುವ ಮಿಷನ್ನಿನ ಪಕ್ಕ ನಿಲ್ಲುವ ಹುಡುಗ, ಟಿಲ್ಲರ್ ಹೊಡೆಯುವ ಹುಡುಗ, ಮದುವೆ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಗೆ ಎದೆ ಕೊಟ್ಟು ಕುಣಿಯುವ ಹುಡುಗ, ಇವರೆಲ್ಲ ಕಿವಿಯ ಗಂಟನ್ನು ಆಗಲೇ ಕರಗಿಸುತ್ತಿರುತ್ತಾರೆ. ಸದ್ದಿನಿಂದ ಆಗುವ ನಷ್ಟ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗುತ್ತದೆ. ದಿನನಿತ್ಯದ ಮಾತಿಗೆ ತೊಂದರೆ ಆಗುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಹೋದದ್ದು ಮರಳಿ ಬರುವುದೂ ಇಲ್ಲ.

ಈಗ ವಿಮಾನದೊಳಗಿನ ಸದ್ದು. ಕಲಿಯುವವರು ಹಾರಿಸುವುದು ಸೆಸ್ನಾ 152, ಸೆಸ್ನಾ 172ರಂಥ ಪುಟ್ಟ ವಿಮಾನ. ಇಂಜಿನ್ನು ಮೊಣಕಾಲಿನ ಮುಂದೆಯೇ ಇರುತ್ತದೆ, ಅದರಾಚೆ ಪ್ರೊಪೆಲರ್. ನಡುವೆ ಇರುವುದು ತೆಳು ಲೋಹದ ಗೋಡೆ. ಹಾರುವಾಗ ಒಳಗಿನ ಸದ್ದು ಸುಲಭವಾಗಿ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಉದ್ಯೋಗ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ ಹೀಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ಲೈಸೆನ್ಸಿಗೆ ಬೇಕಾದ್ದು 200 ಗಂಟೆಯ ಹಾರಾಟ. ಬರಿಗಿವಿಯಲ್ಲಿ ಅಷ್ಟು ಹಾರಿದರೆ ಲೈಸೆನ್ಸು ಬರುವ ಹೊತ್ತಿಗೆ ಕಿವಿಗೆ ಪೆಟ್ಟು ಬಿದ್ದಿರಬಹುದು. ಹೆಡ್‌ಸೆಟ್ ಬೇಕೇ ಎಂಬ ಪ್ರಶ್ನೆಗೆ ಇಷ್ಟು ಸಾಕು.

ಅದರ ಇನ್ನೊಂದು ಕೆಲಸ ಮಾತು ಕೇಳಿಸುವುದು. ತೆಂಗಿನಕಾಯಿಯನ್ನು ಅಟ್ಟದಲ್ಲಿ ಹತ್ತು-ಹನ್ನೊಂದು ತಿಂಗಳು ಒಣಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಅನ್ನುವವರಿಗೆ ಕಿವಿಯ ಸೂಕ್ಷ್ಮ ಹೊಸದಾಗಿ ಹೇಳಬೇಕಾಗಿಲ್ಲ. ಇಂಜಿನ್ನಿನ ದಪ್ಪ ಗುಡುಗು ಮೊದಲು ಮುಚ್ಚುವುದು ವ್ಯಂಜನಗಳನ್ನು. ಸ್ವರ ಉಳಿಯುತ್ತದೆ, ಸ, ಫ, ತ ತೇಲಿಹೋಗುತ್ತವೆ. ರೇಡಿಯೋ ಇಂಗ್ಲಿಷಿನಲ್ಲಿ ಫೈವ್, ನೈನ್‌ನಂಥ ಅಂಕಿಗಳು ತಪ್ಪಾಗಿ ಕೇಳಬಾರದೆಂದೇ ನೈನನ್ನು ನೈನರ್ ಅಂತ, ಫೈವನ್ನು ಫೈಫ್ ಅಂತ, ತ್ರೀಯನ್ನು ಟ್ರೀ ಅಂತ ಹೇಳಬೇಕೆಂಬ ನಿಯಮ ಬಂದದ್ದು. ಅಂಕಿ ತಪ್ಪಾಗಿ ಅರ್ಥವಾದರೆ ಏನಾಗುತ್ತದೆ ನೋಡಿ: 1989ರ ಫೆಬ್ರುವರಿ 19ರಂದು ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747, ಕ್ವಾಲಾಲಂಪುರದಲ್ಲಿ ಇಳಿಯಲು ಬರುತ್ತಿತ್ತು. "ಡಿಸೆಂಡ್ ಟೂ ಫೋರ್ ಜೀರೋ ಜೀರೋ" ಎಂದರು ಕೆಳಗಿನಿಂದ. ಅವರು ಹೇಳಿದ್ದು 2,400 ಅಡಿ. ಮೇಲಿದ್ದವರು 400 ಅಡಿಗೆ ಇಳಿ ಅಂದುಕೊಂಡರು. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ಅಲ್ಲಿ ತಪ್ಪು ಹೆಡ್‌ಸೆಟ್ಟಿನದಲ್ಲ, ಮಾತಾಡಿದ ರೀತಿಯದು ಮತ್ತು ಮರುಪ್ರಶ್ನೆ ಕೇಳದೆ ಬಿಟ್ಟದ್ದರದು. ಆದರೆ ಸದ್ದು ಕಡಿಮೆಯಿರುವ ದೊಡ್ಡ ಕಾಕ್‌ಪಿಟ್ಟಿನಲ್ಲಿ ಅನುಭವಸ್ಥರಿಗೇ ಹೀಗಾಗುವುದಾದರೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮೊದಲ ಸಲ ರೇಡಿಯೋದಲ್ಲಿ ಸರಸರ ಹರಿಯುವ ಇಂಗ್ಲಿಷ್ ಕೇಳುವ ತುರುವೇಕೆರೆಯ ಹುಡುಗಿಗೆ ಗರಗರ ಅನ್ನುವ ಹಳೇ ಹೆಡ್‌ಸೆಟ್ ಕೊಟ್ಟರೆ ಏನಾದೀತು? ಅವಳು ತನ್ನ ಇಂಗ್ಲಿಷೇ ಸರಿಯಿಲ್ಲ ಅಂದುಕೊಂಡು ಕುಗ್ಗುತ್ತಾಳೆ. ಎಷ್ಟೋ ಸಲ ಸರಿಯಿಲ್ಲದ್ದು ಕಿವಿಯ ಮೇಲಿನ ಸ್ಪಂಜು.

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಮೊದಲನೆಯದು ಪ್ಯಾಸಿವ್. ಗಟ್ಟಿ ಬಟ್ಟಲು, ಸುತ್ತ ಜೆಲ್ ಅಥವಾ ಫೋಮಿನ ದಿಂಬು, ತಲೆಯನ್ನು ಬಿಗಿಯಾಗಿ ಹಿಡಿಯುವ ಪಟ್ಟಿ. ಸದ್ದನ್ನು ಅಡ್ಡ ಹಾಕಿ ತಡೆಯುವುದಷ್ಟೇ ಅದರ ವಿದ್ಯೆ. ಬ್ಯಾಟರಿ ಬೇಡ, ಕೆಡುವ ಭಾಗ ಕಡಿಮೆ. ಈ ಜಾತಿಯಲ್ಲಿ ಹೆಸರಾದದ್ದು ಅಮೆರಿಕದ ವುಸ್ಟರ್ ಊರಿನ ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಎಚ್10-13.4. ಹೆಂಗಸರ ಒಳಉಡುಪು ಹೆಣೆಯುತ್ತಿದ್ದ ಈ ಕಂಪನಿ ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್‌ಗಳಿಗೆ ಜಿ-ಸೂಟ್ ಎಂಬ ರಕ್ಷಣಾ ಉಡುಗೆ ಹೊಲಿಯಿತು. 1965ರಲ್ಲಿ ಅಮೆರಿಕದ ಗಗನಯಾತ್ರಿ ಎಡ್ ವೈಟ್ ಬಾಹ್ಯಾಕಾಶದಲ್ಲಿ ತೇಲಿದಾಗ ತೊಟ್ಟದ್ದು ಇವರದೇ ಉಡುಗೆ. ಪೆಟ್ಟಿಗೆಯ ಮೇಲೆ 23 ಡೆಸಿಬೆಲ್ ತಡೆಯುತ್ತದೆ ಎಂದಿರುತ್ತದೆ. ಅದು ಪ್ರಯೋಗಾಲಯದ ಅಂಕಿ. ನಿಜ ಬಳಕೆಗೆ ಕಾಲು ಭಾಗ ಕಳೆದು ಲೆಕ್ಕ ಹಾಕಿ ಎಂದು ನಿಯೋಶ್ 1998ರಲ್ಲಿ ಹೇಳಿತ್ತು. ಹಾಗೆ ಕಳೆದರೂ 17 ಉಳಿಯಿತು, ಕಡಿಮೆಯೇನಲ್ಲ.

ಎರಡನೆಯದು ಎಎನ್ಆರ್, ಅಂದರೆ ಸದ್ದಿಗೆ ಎದುರು ಸದ್ದು ಹಾಕಿ ಅಳಿಸುವಂಥದ್ದು. ಬಟ್ಟಲಿನೊಳಗಿನ ಪುಟ್ಟ ಮೈಕು ಸದ್ದನ್ನು ಕೇಳಿ, ಅದರ ಅಲೆಯನ್ನು ತಲೆಕೆಳಗು ಮಾಡಿ ಸ್ಪೀಕರಿನಲ್ಲಿ ಬಿಡುತ್ತದೆ. ಎರಡು ಅಲೆ ಒಂದನ್ನೊಂದು ನುಂಗುತ್ತವೆ. ಇದರ ಪೇಟೆಂಟು 1936ರಷ್ಟು ಹಳೆಯದು, ಜರ್ಮನಿಯ ಪೌಲ್ ಲೂಯಗ್‌ನದು. ಹೆಡ್‌ಸೆಟ್ಟಾಗಿ ಅಂಗಡಿಗೆ ತಂದವರು ಅಮರ್ ಬೋಸ್. ಅವರ ತಂದೆ ನೋನಿ ಗೋಪಾಲ್ ಬೋಸ್ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ, ಬ್ರಿಟಿಷರ ಕೈಗೆ ಸಿಗದೆ ಅಮೆರಿಕ ಸೇರಿದವರು. ಮಗ ಎಂಐಟಿಯಲ್ಲಿ ಪ್ರಾಧ್ಯಾಪಕ. 1978ರಲ್ಲಿ ಜೂರಿಕ್‌ನಿಂದ ಬಾಸ್ಟನ್ನಿಗೆ ಬರುವಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ನಿನ ಸದ್ದಿಗೆ ಸಂಗೀತವೇ ಕೇಳಲಿಲ್ಲವಂತೆ. ಅಲ್ಲೇ ಕೂತು ಗಣಿತ ಬರೆದು, ಇದು ಸಾಧ್ಯ ಎಂಬ ತೀರ್ಮಾನಕ್ಕೆ ಬಂದೇ ಇಳಿದರು. 1986ರ ಡಿಸೆಂಬರಿನಲ್ಲಿ ಡಿಕ್ ರೂಟನ್, ಜೀನಾ ಯೇಗರ್ ಇಬ್ಬರೂ ಎಲ್ಲೂ ಇಳಿಯದೆ, ಎಣ್ಣೆ ತುಂಬಿಸಿಕೊಳ್ಳದೆ ಒಂಬತ್ತು ದಿನ ಹಾರಿ ಭೂಮಿ ಸುತ್ತಿದ ವಾಯೇಜರ್ ವಿಮಾನದೊಳಗೆ ಸದ್ದು ವಿಪರೀತ. ಬೋಸ್ ಕಂಪನಿಯ ಪ್ರಾಯೋಗಿಕ ಹೆಡ್‌ಸೆಟ್ ಅವರ ಕಿವಿ ಕಾಯಿತು. 1989ರಲ್ಲಿ ಅದು ಮಾರುಕಟ್ಟೆಗೆ ಬಂತು.

ಇವೆರಡರ ಗುಣ ಬೇರೆ ಬೇರೆ. ಪ್ಯಾಸಿವ್ ಬಟ್ಟಲು ಕೀಚು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಇಂಜಿನ್ನಿನ ಗುಡುಗು ಸ್ವಲ್ಪ ನುಸುಳುತ್ತದೆ. ಎಎನ್ಆರ್ ನುಂಗುವುದು ಆ ಗುಡುಗನ್ನೇ. ಮಾತು ತಿಳಿಯಾಗುತ್ತದೆ, ಎರಡು ಗಂಟೆ ಹಾರಿ ಇಳಿದ ಮೇಲೂ ತಲೆ ಭಾರವಿರುವುದಿಲ್ಲ. ಇದು ಜಾಹೀರಾತಿನ ಮಾತಲ್ಲ, ಭೌತಶಾಸ್ತ್ರ. ಬೋಸ್ ಹೆಡ್‌ಸೆಟ್ಟಿಗೆ ಎರಡು ಎಎ ಸೆಲ್ಲು ಹಾಕಿದರೆ 45 ಗಂಟೆ ನಡೆಯುತ್ತದೆ. ಅಂಥ ಸೆಲ್ಲು ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ಲು ಮುಗಿದರೂ ಮಾತು ನಿಲ್ಲುವುದಿಲ್ಲ, ಸದ್ದಳಿಸುವ ಕೆಲಸ ಮಾತ್ರ ನಿಲ್ಲುತ್ತದೆ.

ಹಾಗಾದರೆ ಯಾವುದು? ಕೊಬ್ಬರಿ ಲೆಕ್ಕದಲ್ಲೇ ನೋಡೋಣ. ಡೇವಿಡ್ ಕ್ಲಾರ್ಕಿನ ಆ ಹಸಿರು ಹೆಡ್‌ಸೆಟ್ ಅಮೆರಿಕದಲ್ಲಿ ನಾನೂರು ಡಾಲರ್ ಆಸುಪಾಸು. 2025ರ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಹಿಡಿದರೆ ಮೂರು ಕ್ವಿಂಟಲ್ ಉಂಡೆ ಕೊಬ್ಬರಿ. 2023ರಲ್ಲಿ ಬಂದ ಬೋಸ್ ಎ30 ಸುಮಾರು 1,300 ಡಾಲರ್, ಒಂಬತ್ತು-ಹತ್ತು ಕ್ವಿಂಟಲ್. ಇಲ್ಲಿನ ಸುಂಕ, ಜಿಎಸ್‌ಟಿ ಬೇರೆ. ಕೊಬ್ಬರಿ ಇಪ್ಪತ್ತೈದು ಸಾವಿರಕ್ಕೆ ಹೋದ ವರ್ಷ ಇದು ಅರ್ಧ ಅನ್ನಿಸಬಹುದು. ಆದರೆ ಹುಡುಗನ ಕೋರ್ಸು ಮುಗಿಯುವವರೆಗೂ ಆ ಬೆಲೆ ನಿಲ್ಲುತ್ತದೆಂದು ತಿಪಟೂರಿನ ಯಾವ ಮಂಡಿಯವರೂ ಬರೆದುಕೊಡುವುದಿಲ್ಲ.

"ಒಮ್ಮೆ ಕೊಂಡರೆ ಏರ್‌ಲೈನಿಗೂ ಆಗುತ್ತೆ" ಎಂಬ ಮಾತನ್ನು ಅಂಗಡಿಯವರು ಖಂಡಿತ ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಕಿಲ್ಲ. ಸಣ್ಣ ವಿಮಾನಕ್ಕೆ ಎರಡು ಪ್ಲಗ್ ಇರುತ್ತದೆ: ದಪ್ಪನೆಯದು ಕೇಳುವುದಕ್ಕೆ, ಸ್ವಲ್ಪ ಸಣ್ಣದು ಮೈಕಿಗೆ. ಏರ್‌ಬಸ್‌ನಲ್ಲಿ ಐದು ಪಿನ್ನಿನ ಬೇರೆಯೇ ಪ್ಲಗ್. ಹೆಲಿಕಾಪ್ಟರಿಗೆ ಯು-174 ಎಂಬ ಒಂಟಿ ಪ್ಲಗ್. ಬಿದರೆಹಳ್ಳದ ಕಾರ್ಖಾನೆ ನೋಡಿ ಹೆಲಿಕಾಪ್ಟರ್ ಕನಸು ಕಂಡ ಹುಡುಗ ಇದನ್ನು ಮರೆಯಬಾರದು. ಪ್ಲಗ್ ಬದಲಿಸುವ ಅಡಾಪ್ಟರ್‌ಗಳು ಇವೆ, ನಿಜ. ಆದರೂ ಜೆಟ್ ವಿಮಾನದ ಕಾಕ್‌ಪಿಟ್ಟಿನಲ್ಲಿ ಸದ್ದು ಎಷ್ಟೋ ಕಡಿಮೆ. ಅಲ್ಲಿನ ಹಲವರು ಕಿವಿ ಪೂರ್ತಿ ಮುಚ್ಚದ ಹಗುರ ಹೆಡ್‌ಸೆಟ್ ಹಾಕುತ್ತಾರೆ. ಸೆಸ್ನಾದಲ್ಲಿ ಬೇಕಾದ್ದು ಅಲ್ಲಿ ಭಾರ.

ಆದ್ದರಿಂದ ಸಾಲ ಮಾಡಿ ಕೋರ್ಸು ಸೇರಿಸಿದ ಮನೆಗೆ ಒಳ್ಳೆಯ ಪ್ಯಾಸಿವ್ ಹೆಡ್‌ಸೆಟ್ ಸಾಕು. ಗುಡುಗು ಇನ್ನೂ ಕಾಡಿದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಒಳಗೆ ಹಾಕಿ, ರೇಡಿಯೋ ದನಿ ಏರಿಸಿಕೊಳ್ಳಬಹುದು. ಹಳೇ ಪೈಲಟ್‌ಗಳ ಉಪಾಯವಿದು, ಈಗಲೂ ನಡೆಯುತ್ತದೆ. ಕೈಯಲ್ಲಿ ದುಡ್ಡಿದ್ದವರು ಎಎನ್ಆರ್ ಕೊಂಡರೆ ಸೋಕಿ ಅನ್ನಬೇಕಿಲ್ಲ. ಬೇಡವೇ ಬೇಡ ಅನ್ನಬೇಕಾದ್ದು ಮೂರನೆಯದನ್ನು: ಹೆಸರಿಲ್ಲದ ಅಗ್ಗದ ಎಎನ್ಆರ್. ಅದರ ಸದ್ದಳಿಸುವ ಸರ್ಕೀಟು ಸಾಧಾರಣ, ಬಟ್ಟಲೂ ತೆಳು. ಸೆಲ್ಲು ಹೋದ ದಿನ ಎರಡೂ ಇಲ್ಲ.

ಯಾವುದೇ ಕೊಳ್ಳಲಿ, ತಲೆಗೆ ಹಾಕಿ ನೋಡದೆ ಕೊಳ್ಳಬಾರದು. ಐದು ನಿಮಿಷ ಹಾಕಿದರೆ ಏನೂ ತಿಳಿಯದು; ಅರ್ಧ ಗಂಟೆ ಹಾಕಿಕೊಂಡು ಕೂರಬೇಕು. ಅರ್ಧ ಕೆಜಿಯ ಆಸುಪಾಸಿನ ಸಾಮಾನು ನೆತ್ತಿಯ ಒಂದೇ ಜಾಗ ಒತ್ತುತ್ತಿದ್ದರೆ ಆಗಲೇ ಗೊತ್ತಾಗುತ್ತದೆ. ಬಾಯಿ ಅಗಲಿಸಿ, ಏನನ್ನಾದರೂ ಅಗಿದು ನೋಡಬೇಕು. ದವಡೆ ಆಡಿದಾಗ ದಿಂಬು ಕೆನ್ನೆಯಿಂದ ಎದ್ದು ಹೊರಗಿನ ಸದ್ದು ಬುಸ್ಸನೆ ಒಳಗೆ ಬಂದರೆ ಅದು ಆ ಮುಖಕ್ಕೆ ಹೇಳಿ ಮಾಡಿಸಿದ ಹೆಡ್‌ಸೆಟ್ ಅಲ್ಲ.

ಕನ್ನಡಕದವರಿಗೆ ತೊಂದರೆ ಜಾಸ್ತಿ. ದಪ್ಪ ಪ್ಲಾಸ್ಟಿಕ್ ಕಡ್ಡಿ ದಿಂಬನ್ನು ಎತ್ತಿ ಹಿಡಿದು ಸಂದು ಬಿಡುತ್ತದೆ. ಆ ಸಂದಿಯಲ್ಲಿ ಹಲವು ಡೆಸಿಬೆಲ್ ಸೋರಿಹೋಗುತ್ತದೆ, ಗಂಟೆ ಕಳೆದರೆ ಕಿವಿಯ ಮೇಲೆ ಕಡ್ಡಿಯ ಗೆರೆ ಮೂಡಿ ನೋಯುತ್ತದೆ. ಹೆಡ್‌ಸೆಟ್ ಬದಲಿಸುವ ಮುಂಚೆ ತೆಳು ತಂತಿಯ ಫ್ರೇಮು ಹಾಕಿಸಿ ನೋಡುವುದು ಮೇಲು. ಹೆಣ್ಣುಮಕ್ಕಳು ಓಲೆ-ಜುಮುಕಿ ತೆಗೆದು ಹಾರಬೇಕು, ಜಡೆಯ ಗಂಟು ಪಟ್ಟಿಗೆ ಸಿಗದಂತೆ ಕೆಳಗೆ ಕಟ್ಟಬೇಕು. ತಲೆ ಚಿಕ್ಕದಿದ್ದರೆ ಪಟ್ಟಿಯನ್ನು ಪೂರ್ತಿ ಒಳಗೆ ತಳ್ಳಿದ ಮೇಲೂ ಬಟ್ಟಲು ಜಾರುತ್ತದೆಯೇ ನೋಡಬೇಕು.

ಮೈಕಿನ ವಿಷಯ ಚಿಕ್ಕದು, ಆದರೆ ಹೆಚ್ಚು ಜನ ಎಡವುವುದು ಅಲ್ಲೇ. ತುಟಿಯ ಮೂಲೆಯ ಬಳಿ, ಹೆಚ್ಚುಕಡಿಮೆ ತುಟಿ ತಾಗುವಷ್ಟು ಹತ್ತಿರ ಇರಬೇಕು. ಹಲವು ಮೈಕುಗಳಿಗೆ ಒಂದು ಮುಖ ಮಾತಿಗೆ, ಹಿಂದಿನ ಮುಖ ಸುತ್ತಲ ಸದ್ದನ್ನು ಕಳೆಯುವುದಕ್ಕೆ. ಮಾತಿನ ಕಡೆ ಒಂದು ಚುಕ್ಕಿಯೋ, ಟಾಕ್ ಎಂಬ ಅಕ್ಷರವೋ ಇರುತ್ತದೆ, ಸ್ಪಂಜಿನ ಟೋಪಿ ಅದನ್ನು ಮುಚ್ಚಿಬಿಡುತ್ತದೆ. ಮೈಕು ತಿರುಗಿ ಕೂತರೆ ಹುಡುಗ ಕಿರುಚಿದರೂ ನಿಯಂತ್ರಣ ಟವರಿಗೆ ಪಿಸುಮಾತು. ಇನ್ನು ಸ್ಟೀರಿಯೋ-ಮೋನೋ ಸ್ವಿಚ್ಚು: ಹಳೇ ವಿಮಾನದ ಇಂಟರ್‌ಕಾಮ್ ಮೋನೋ ಆಗಿದ್ದು ಹೆಡ್‌ಸೆಟ್ ಸ್ಟೀರಿಯೋದಲ್ಲಿದ್ದರೆ ಒಂದು ಕಿವಿ ಮೂಕ. ರಿಪೇರಿಗೆ ಕಳಿಸುವ ಮುಂಚೆ ಆ ಸ್ವಿಚ್ಚನ್ನೊಮ್ಮೆ ನೋಡಿದರೆ ಕೊರಿಯರ್ ದುಡ್ಡು ಉಳಿಯುತ್ತದೆ.

ಬ್ಲೂಟೂತ್ ಇದೆ ಎಂಬುದಕ್ಕೆ ಹೆಚ್ಚು ದುಡ್ಡು ಕೊಡುವುದು ಬೇಡ. ಕಲಿಯುವ ಹುಡುಗನಿಗೆ ಮೇಲೆ ಕೇಳಬೇಕಾದ್ದು ಇನ್‌ಸ್ಟ್ರಕ್ಟರ್ ಮತ್ತು ಟವರ್, ಇಬ್ಬರೇ.

ಕೊಳ್ಳುವುದು ಯಾವಾಗ? ಮೊದಲ ನಾಲ್ಕೈದು ಹಾರಾಟ ಶಾಲೆಯ ಹೆಡ್‌ಸೆಟ್ಟಿನಲ್ಲೇ ಆಗಲಿ. ಆ ಹೊತ್ತಿಗೆ ಜೊತೆಯವರ ಎರಡು-ಮೂರು ಬೇರೆ ಮಾಡೆಲ್‌ಗಳನ್ನು ಕೇಳಿ ಹಾಕಿ ನೋಡಬಹುದು, ವಿಮಾನದ ಪ್ಲಗ್ ಯಾವುದೆಂಬುದೂ ಗೊತ್ತಾಗಿರುತ್ತದೆ. ಕೋರ್ಸು ಪೂರ್ತಿ ಶಾಲೆಯದರಲ್ಲೇ ಕಳೆಯುವುದು ಮಾತ್ರ ಬೇಡ. ಹತ್ತು ಜನ ಬೆವರಿದ ದಿಂಬು, ಬಿರುಕು ಬಿಟ್ಟ ಜೆಲ್, ಯಾರೋ ಬಾಯಿಗಿಟ್ಟ ಮೈಕಿನ ಸ್ಪಂಜು. ಏಪ್ರಿಲ್-ಮೇನಲ್ಲಿ ಕಲಬುರಗಿಯ ಬಿಸಿಲಿನಲ್ಲಿ ನಿಂತ ವಿಮಾನದೊಳಗೆ ಇದನ್ನು ಹಾಕಿಕೊಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಕೋರ್ಸು ಮುಗಿಸಿದವರು ಮಾರುತ್ತಲೇ ಇರುತ್ತಾರೆ. ದಿಂಬು ಹಳತಾಗಿದ್ದರೆ ಹೊಸದು ಹಾಕಿಸಬಹುದು, ಅದು ದೋಷವಲ್ಲ. ನೋಡಬೇಕಾದ್ದು ವೈರು ಬಟ್ಟಲಿಗೆ ಸೇರುವ ಜಾಗ ಮತ್ತು ಪ್ಲಗ್ಗಿನ ಬುಡ. ವಿಮಾನದಲ್ಲಿ ಸಿಕ್ಕಿಸಿ, ಎರಡೂ ಕಡೆ ವೈರನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಚರಚರ ಅಂದರೆ ಬಿಟ್ಟುಬಿಡಿ. ಬಿಲ್ಲು ಕೇಳಿ, ಸೀರಿಯಲ್ ನಂಬರನ್ನು ಕಂಪನಿಗೆ ಬರೆದು ವಾರಂಟಿ ಉಳಿದಿದೆಯೇ, ಅದು ಹೊಸ ಮಾಲೀಕನಿಗೂ ಸಲ್ಲುತ್ತದೆಯೇ ಎಂದು ವಿಚಾರಿಸಿ, ಆಮೇಲೆ ದುಡ್ಡು ಕೊಡಿ. ಹಾಸ್ಟೆಲ್ಲಿನಲ್ಲಿ ಹತ್ತು ಹಸಿರು ಹೆಡ್‌ಸೆಟ್ ಒಂದೇ ಮೊಳೆಗೆ ನೇತಾಡುತ್ತಿರುತ್ತವೆ. ಪಟ್ಟಿಯ ಒಳಗಡೆ ಮಗನ ಹೆಸರು, ಊರಿನ ಹೆಸರು ಬರೆಸಿ ಕಳಿಸಿ.